ಚಪ್ಪಲಿ ಯಾಕೆ ಜಾರುತ್ತಿತ್ತು ಅಂತ ತಿಳಿಸಿಕೊಟ್ಟವರಿಗೆ

ಮೊನ್ನೆ ಶನಿವಾರ ಮಗಳು ಬಿ.ಕಾಂ. ಪದವಿ ತಗೊಂಡಳು. ವೇದಿಕೆಗೆ ಆರು ಮೆಟ್ಟಿಲು. ಪಕ್ಕದ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ನೋಡಿ ಇಟ್ಟು, ತಾನೇ ಹತ್ತಿದಳು. ನನ್ನ ಕಣ್ಣು ತುಂಬಿಕೊಂಡು, ಅವಳು ಇಳಿದದ್ದು ನನಗೆ ಕಾಣಲೇ ಇಲ್ಲ. ನಮ್ಮನ್ನು ಈ ದಿನದವರೆಗೆ ಕರೆತಂದವರಿಗೆ ನಾಲ್ಕು ಮಾತು ಬರೆಯಲೇಬೇಕು.

ಮೊದಲು ಮಗಳೇ, ನಿನಗೆ. ಎರಡನೇ ಕ್ಲಾಸಿನಿಂದಲೇ ನಿನ್ನ ಹವಾಯಿ ಚಪ್ಪಲಿ ಜಾರಿ ಬೀಳುತ್ತಿತ್ತು. ಬಿದ್ದದ್ದು ನಿನಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಮನೆಗೆ ಬರುತ್ತಿದ್ದೆ. "ಮೈಮೇಲೆ ಎಚ್ಚರ ಇಲ್ವಾ? ಕಾಲೆತ್ತಿ ನಡಿ" ಅಂತ ಬೈದೆ. ಒಂದು ಸಲ ಹೊಡೆದೆ ಕೂಡ. ಪಾದದ ಮುಂಭಾಗ ಎತ್ತುವ ಶಕ್ತಿಯೇ ನಿನಗಿರಲಿಲ್ಲ ಅಂತ ತಿಳಿಯುವಷ್ಟರಲ್ಲಿ ಏಳು ವರ್ಷ ಕಳೆದಿತ್ತು. ಕ್ಯಾಲ್ಸಿಯಂ ಮಾತ್ರೆ, ಎಣ್ಣೆ ನೀವುವುದು, ಹರಕೆ, ಎಲ್ಲ ಆಗಿತ್ತು. ಆಮೇಲೆ ನಾನು ಅತ್ತಾಗ "ಹೋಗ್ಲಿ ಬಿಡಮ್ಮ, ನಿಂಗೇನ್ ಗೊತ್ತಿತ್ತು" ಅಂದೆಯಲ್ಲ, ಆ ಮಾತಿನ ಋಣ ದೊಡ್ಡದು.

ಆಮೇಲೆ ಆ ನರಗಳ ಡಾಕ್ಟರಿಗೆ. ಅವರು ಫೈಲ್ ಮುಟ್ಟುವ ಮೊದಲು ಇವಳನ್ನು ಬರಿಗಾಲಲ್ಲಿ ನಡೆಸಿ ನೋಡಿದರು. "ಹಿಮ್ಮಡಿ ಮೇಲೆ ನಿಲ್ಲು ಪುಟ್ಟಾ" ಅಂದರು. ಆಗಲಿಲ್ಲ. ಪಾದದ ಕಮಾನು ಎತ್ತರ, ಬೆರಳು ಮಡಚಿಕೊಂಡಿವೆ, ಕಣಕಾಲು ಸಣ್ಣಗಾಗಿದೆ. ಇಷ್ಟು ದಿನ ನಮ್ಮ ಕಣ್ಣೆದುರೇ ಇದ್ದದ್ದನ್ನು ಅವರು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಕೈಕಾಲಿನ ನರಗಳು ಸೊರಗುವ ಈ ಕಾಯಿಲೆಯ ಹೆಸರು ಚಾರ್ಕೊ-ಮಾರಿ-ಟೂತ್, ಅದರಲ್ಲಿ 2ಎ ಎಂಬ ಬಗೆ. 1886ರಲ್ಲಿ ಇದನ್ನು ಗುರುತಿಸಿ ಬರೆದ ಮೂವರು ವೈದ್ಯರ ಹೆಸರು ಅದು.

ಜಾಸ್ತಿ ಹೇಳಬೇಕಿರುವುದು ಜೆನೆಟಿಕ್ ಕೌನ್ಸೆಲರ್ ಮೇಡಂ ಬಗ್ಗೆ. ರಕ್ತಪರೀಕ್ಷೆಯಲ್ಲಿ ಎಂಎಫ್‌ಎನ್2 ಎಂಬ ಜೀನ್‌ನಲ್ಲಿ ತಪ್ಪಿದೆ ಅಂತ ಬಂದಿತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. "ಅಮ್ಮಾ, ಸಾರಿನ ಮೇಲೆ ಎಣ್ಣೆ ಹನಿಗಳು ತೇಲುತ್ತಾ ಒಂದಕ್ಕೊಂದು ತಾಗಿ ಕೂಡಿಕೊಳ್ತಾವಲ್ಲ, ಹಾಗೆ" ಅಂತ ಶುರು ಮಾಡಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೂ ಹೀಗೆ ಕೂಡುತ್ತವೆ, ಬೇರೆಯಾಗುತ್ತವೆ. ಕೂಡಿದಾಗ ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಆದರೆ ಎಣ್ಣೆ ಹನಿಯ ಹಾಗೆ ತಾನಾಗಿಯೇ ಕೂಡುವುದಿಲ್ಲ. ಹೊರಪೊರೆಗಳನ್ನು ಬೆಸೆಯಲು ಮೈಟೊಫ್ಯೂಸಿನ್ 1, 2 ಎಂಬ ಪ್ರೋಟೀನ್‌ಗಳು ಬೇಕು. ಒಳಪೊರೆಗೆ ಒಪಿಎ1 ಎಂಬ ಇನ್ನೊಂದು ಪ್ರೋಟೀನ್ ಬೇಕು. ಒಪಿಎ1 ಕೆಟ್ಟರೆ ಕಣ್ಣಿನ ನರ ಸೊರಗುತ್ತದೆ. ಇವಳದು ಕೆಟ್ಟಿರುವುದು ಮೈಟೊಫ್ಯೂಸಿನ್ 2, ಆ ಎಂಎಫ್‌ಎನ್2 ಜೀನ್‌ನಿಂದ ತಯಾರಾಗುವ ಪ್ರೋಟೀನ್. ಅದರಲ್ಲೂ ಕೆಲವರಿಗೆ ದೃಷ್ಟಿ ಮಂಕಾಗುವುದುಂಟು, ಹಾಗಾಗಿ ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೇವೆ.

"ಮತ್ತೆ ಕಾಲಿಗೇ ಯಾಕೆ ಮೊದಲು?" ಅಂತ ಕೇಳಿದೆ. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ನರದ ಎಳೆ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ. ಮೈಟೊಕಾಂಡ್ರಿಯ ಅಷ್ಟು ದೂರ ಸಾಗಬೇಕು. ಅದನ್ನು ಸಾಗಿಸುವುದರಲ್ಲೂ ಈ ಪ್ರೋಟೀನಿಗೆ ಪಾಲಿದೆ. ಕೊನೆಯ ಹೊಲಕ್ಕೆ ನಾಲೆ ನೀರು ತಲುಪದ ಹಾಗೆ, ಮೊದಲು ಒಣಗುವುದು ತುದಿ.

ಆಗ ನನ್ನ ಮನಸ್ಸಲ್ಲಿ ಕೊರೆಯುತ್ತಿದ್ದದ್ದು ಬೇರೆ. ನೆಂಟರೊಬ್ಬರು ಫೋನಿನಲ್ಲಿ ಓದಿ "ಮೈಟೊಕಾಂಡ್ರಿಯ ತಾಯಿಂದ ಬರೋದಂತೆ" ಅಂದಿದ್ದರು. ಇನ್ನು ಕೆಲವರು ಸೋದರತ್ತೆ ಮಗನನ್ನು ಮದುವೆಯಾದದ್ದೇ ತಪ್ಪು ಅಂದರು. ಮೇಡಂ ಕಾಗದದ ಮೇಲೆ ಬರೆದು ತೋರಿಸಿದರು. ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿ 37 ಜೀನ್‌ಗಳಿವೆ, ಅವು ತಾಯಿಂದ ಬರುವುದು ನಿಜ. ಎಂಎಫ್‌ಎನ್2 ಅವುಗಳಲ್ಲಿ ಇಲ್ಲ. ಅದಿರುವುದು 1ನೇ ಕ್ರೋಮೋಸೋಮಿನಲ್ಲಿ. ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಇಬ್ಬರಲ್ಲೂ ಆ ತಪ್ಪು ಇರಲಿಲ್ಲ. ಇವಳಲ್ಲೇ ಹೊಸದಾಗಿ ಆದದ್ದು. ಇವಳ ಬಗೆಯ ಕಾಯಿಲೆ ಬರಲು ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಹಾಗಾಗಿ ಸಂಬಂಧದಲ್ಲಿ ಮದುವೆಯಾದದ್ದು ಇದಕ್ಕೆ ಕಾರಣವಲ್ಲ. "ನಿಮ್ಮ ತಪ್ಪು ಏನೂ ಇಲ್ಲಮ್ಮ" ಅಂದರು. ಅವತ್ತು ರಾತ್ರಿ ನಾನು ಎಷ್ಟೋ ವರ್ಷದ ಮೇಲೆ ಗಡದ್ದಾಗಿ ನಿದ್ದೆ ಮಾಡಿದೆ.

ಮುಖ ನೋಡದವರಿಗೂ ನಮಸ್ಕಾರ ಹೇಳಬೇಕು. ಹಣ್ಣಿನ ನೊಣದ ಮೇಲೆ ಕೆಲಸ ಮಾಡುತ್ತಿದ್ದ ಕ್ಯಾರೆನ್ ಹೇಲ್ಸ್ ಮತ್ತು ಮಾರ್ಗರೆಟ್ ಫುಲ್ಲರ್ ಮೈಟೊಕಾಂಡ್ರಿಯ ಬೆಸೆಯುವ ಮೊದಲ ಜೀನ್ ಬಗ್ಗೆ 1997ರಲ್ಲಿ ಬರೆದರು. ನೊಣದ ವೀರ್ಯಾಣು ಬೆಳೆಯುವಾಗ ಮೈಟೊಕಾಂಡ್ರಿಯಗಳೆಲ್ಲ ಕೂಡಿ, ಹೆಚ್ಚಿದ ಈರುಳ್ಳಿಯ ಬಿಲ್ಲೆ ಥರ ಸುತ್ತಿಕೊಳ್ಳಬೇಕು. ಈ ಜೀನ್ ಕೆಟ್ಟ ನೊಣದಲ್ಲಿ ಆ ಈರುಳ್ಳಿ ಮಸುಕಾಗಿತ್ತು. ಹಾಗಾಗಿ ಫಜಿ ಆನಿಯನ್ಸ್ ಅಂತಲೇ ಹೆಸರಿಟ್ಟರು. 2004ರಲ್ಲಿ ಬೇರೆ ಸಂಶೋಧಕರು ಎಂಎಫ್‌ಎನ್2ಗೂ ಈ ಕಾಯಿಲೆಗೂ ಇರುವ ನಂಟು ಕಂಡುಕೊಂಡರು. ನೊಣದ ಹೊಟ್ಟೆಯಲ್ಲಿ ಕಂಡ ಈರುಳ್ಳಿ ನನ್ನ ಮಗಳ ಕಾಲಿನವರೆಗೆ ಬಂತು.

ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ನಮ್ಮನ್ನು ನಡೆಸುತ್ತಿರುವುದು ಫಿಸಿಯೋಥೆರಪಿ ಸರ್ ಮತ್ತು ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್. ಸರ್, ಮಳೆಗಾಲದಲ್ಲೂ ಒಂದು ದಿನ ತಪ್ಪಿಸಲಿಲ್ಲ ನೀವು. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ನರಕ್ಕೆ ಹಾನಿ ಮಾಡುತ್ತದೆ, ಇವಳಿಗೆ ಯಾವತ್ತೂ ಕೊಡಬಾರದು ಅಂತ ಡಾಕ್ಟರ್ ಚೀಟಿ ಬರೆದುಕೊಟ್ಟರು. ಅದು ಅವಳ ಪರ್ಸಿನಲ್ಲೇ ಇರುತ್ತದೆ.

ಕೊನೆಗೆ ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವ ಅಜ್ಜ. ಸ್ಪ್ಲಿಂಟ್ ಯಾವ ಶೂಗೂ ಹಿಡಿಯುತ್ತಿರಲಿಲ್ಲ. ಅಜ್ಜ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಶೂ ಪಕ್ಕ ಬಿಚ್ಚಿ ಚರ್ಮದ ಪಟ್ಟಿ ಸೇರಿಸಿ, ಹಿಂದೆ ಬಕಲ್ ಹಾಕಿ ಹೊಲಿದುಕೊಟ್ಟರು. ಮೊನ್ನೆ ಅವಳು ಮೆಟ್ಟಿಲು ಹತ್ತಿದ್ದು ಅದೇ ಶೂನಲ್ಲಿ. ನಾಳೆ ಬೆಳಿಗ್ಗೆ ಅವರಿಗೆ ಸ್ವೀಟ್ ಕೊಡೋಕೆ ಹೋಗುತ್ತೇವೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಅವಳ ಕೆಲಸ ಶುರು, ಇನ್ನೊಂದು ಜೊತೆ ಹೊಲಿಸಬೇಕು.