ಡಕೋಟಾ ನಡೆಸಿದವರ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ತಿಂಗಳು ಬಂತೆಂದರೆ ಪತ್ರಿಕೆಗಳಲ್ಲಿ ಡಕೋಟಾ ವಿಮಾನದ ಹಳೆಯ ಚಿತ್ರವೊಂದು ತಪ್ಪದೆ ಅಚ್ಚಾಗುತ್ತದೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಯೋಧರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ವಿಮಾನಗಳ ಕತೆಯನ್ನು ಆ ಚಿತ್ರದ ಕೆಳಗೆ ಮತ್ತೆ ಹೇಳಲಾಗುತ್ತದೆ. ರಾಜೀವ್ ಚಂದ್ರಶೇಖರ್ ಅವರು, ವಾಯುಪಡೆಯಲ್ಲಿ ಡಕೋಟಾ ಹಾರಿಸಿದ್ದ ತಮ್ಮ ತಂದೆಯ ಗೌರವಾರ್ಥ, ಹಳೆಯ ವಿಮಾನವೊಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಒಪ್ಪಿಸಿದ ಮೇಲೆ, ‘ಪರಶುರಾಮ’ ಎಂಬ ಹೆಸರಿನ ಆ ವಿಮಾನವೂ ಈ ಬರಹಗಳಲ್ಲಿ ಸೇರಿಕೊಂಡಿದೆ. ಇದೆಲ್ಲವೂ ಸಂತೋಷದ ಸಂಗತಿಯೇ. ಆದರೆ ವಿಮಾನ ನಿರ್ವಹಣೆಯ ಕೆಲಸದಲ್ಲೇ ಉದ್ಯೋಗ ಜೀವನ ಕಳೆದ ನನಗೆ ಈ ಬರಹಗಳನ್ನು ಓದುವಾಗಲೆಲ್ಲ ಒಂದು ಕೊರತೆ ಕಾಣುತ್ತದೆ. ಡಕೋಟಾ ನಮ್ಮ ದೇಶದಲ್ಲಿ ಹೆಚ್ಚು ಕಾಲ ಹೊತ್ತದ್ದು ಸೈನಿಕರನ್ನಲ್ಲ. ಸಾಮಾನ್ಯ ಪ್ರಯಾಣಿಕರನ್ನು, ಅಂಚೆ ಚೀಲಗಳನ್ನು, ಸರಕಿನ ಮೂಟೆಗಳನ್ನು. ಅದನ್ನು ನಡೆಸಿದ ಕಂಪನಿಗಳ ಹೆಸರೂ, ಅದನ್ನು ಹಾರುವ ಸ್ಥಿತಿಯಲ್ಲಿ ಇಟ್ಟವರ ನೆನಪೂ ಎಲ್ಲಿಯೂ ಬರುವುದಿಲ್ಲ. ಶ್ರೀನಗರದ ಕತೆಯಲ್ಲೇ ನೋಡಿ: ಆಗ ವಾಯುಪಡೆಯ ಬಳಿ ಇದ್ದ ಡಕೋಟಾಗಳು ಸಾಲದೆ ಸರ್ಕಾರ ಖಾಸಗಿ ಕಂಪನಿಗಳ ವಿಮಾನಗಳನ್ನು ಪಡೆದುಕೊಂಡಿತ್ತು, ಸೈನಿಕರನ್ನೂ ಮದ್ದುಗುಂಡನ್ನೂ ಸಾಗಿಸಿದವರಲ್ಲಿ ನಾಗರಿಕ ಪೈಲಟ್‌ಗಳೂ ಇದ್ದರು. ಆ ಕಂಪನಿಗಳು ಯಾವುವು ಎಂದು ಇಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ಭಾರತದಲ್ಲಿಯೇ ಬಿಟ್ಟುಹೋದ ಡಕೋಟಾಗಳು ಅಗ್ಗದ ಬೆಲೆಗೆ ಸಿಕ್ಕವು. ಹೊಸ ವಿಮಾನ ಕೊಳ್ಳುವ ಶಕ್ತಿಯಿಲ್ಲದವರಿಗೂ ವಿಮಾನಯಾನ ಕಂಪನಿ ತೆರೆಯುವ ಧೈರ್ಯ ಬಂದದ್ದು ಹೀಗೆ. ಬಿರ್ಲಾ ಅವರ ಭಾರತ್ ಏರ್‌ವೇಸ್, ಬಿಜು ಪಟ್ನಾಯಕ್ ಅವರ ಕಳಿಂಗ ಏರ್‌ಲೈನ್ಸ್, ಕಲ್ಕತ್ತೆಯ ಏರ್‌ವೇಸ್ ಇಂಡಿಯಾ, ಹಿಮಾಲಯನ್ ಏವಿಯೇಷನ್, ಹೈದರಾಬಾದ್ ಸಂಸ್ಥಾನದ ಡೆಕ್ಕನ್ ಏರ್‌ವೇಸ್ ಹೀಗೆ ನಾಲ್ಕೈದು ವರ್ಷಗಳಲ್ಲಿ ಎದ್ದು ನಿಂತವು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಬೇಗಂಪೇಟೆಯಿಂದ ಹಾರುತ್ತಿದ್ದ ಡೆಕ್ಕನ್ ಏರ್‌ವೇಸ್ ಇಂದಿನ ಕಲ್ಯಾಣ ಕರ್ನಾಟಕದವರ ಪಾಲಿಗೂ ತಮ್ಮ ಸಂಸ್ಥಾನದ ಕಂಪನಿಯೇ ಆಗಿತ್ತು. ಬಿಜು ಪಟ್ನಾಯಕ್ ಅವರಂತೂ 1947ರ ಜುಲೈಯಲ್ಲಿ ಡಚ್ಚರ ದಿಗ್ಬಂಧನವನ್ನು ಲೆಕ್ಕಿಸದೆ ಸ್ವತಃ ಡಕೋಟಾ ಹಾರಿಸಿಕೊಂಡು ಹೋಗಿ ಇಂಡೊನೇಷ್ಯಾದ ನಾಯಕ ಸುತಾನ್ ಶಹರೀರ್ ಅವರನ್ನು ಹೊರಗೆ ಕರೆತಂದರು. ಅದೇ ತಿಂಗಳ 29ರಂದು ಅವರ ಕಂಪನಿಯ ಮತ್ತೊಂದು ಡಕೋಟಾ ಔಷಧಿ ಹೊತ್ತು ಯೋಗ್ಯಕರ್ತಕ್ಕೆ ಹೋಗುತ್ತಿದ್ದಾಗ ಡಚ್ ಯುದ್ಧವಿಮಾನಗಳು ಅದನ್ನು ಹೊಡೆದುರುಳಿಸಿದವು. ಇಂಡೊನೇಷ್ಯಾದಲ್ಲಿ ಆ ದಿನವನ್ನು ಇಂದಿಗೂ ಸ್ಮರಿಸುತ್ತಾರೆ. ನಮ್ಮಲ್ಲಿ ಆ ವಿಮಾನದ ವಿಟಿ ಎಂಬ ಭಾರತೀಯ ನೋಂದಣಿಯ ನೆನಪೂ ಯಾರಿಗೂ ಇದ್ದಂತಿಲ್ಲ.

ಇವುಗಳಿಗಿಂತ ದೊಡ್ಡ ಸಾಧನೆ ನನ್ನ ಮಟ್ಟಿಗೆ ನಾಗಪುರದ ರಾತ್ರಿ ಅಂಚೆ. 1949ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತಾ ಮತ್ತು ಮದ್ರಾಸಿನಿಂದ ರಾತ್ರಿ ಹೊರಟ ವಿಮಾನಗಳು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಕೂಡುತ್ತಿದ್ದವು. ಅಂಚೆ ಚೀಲಗಳನ್ನೂ ಪ್ರಯಾಣಿಕರನ್ನೂ ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರು ಸೇರುತ್ತಿದ್ದವು. ಅದೇ ವರ್ಷದ ಏಪ್ರಿಲ್‌ನಿಂದ ದೇಶದೊಳಗಿನ ಕಾಗದಗಳನ್ನು ಹೆಚ್ಚುವರಿ ಶುಲ್ಕವಿಲ್ಲದೆ ವಿಮಾನದಲ್ಲಿ ಸಾಗಿಸುವ ಪದ್ಧತಿ ಬಂದುದರಿಂದ, ಜೀವಮಾನದಲ್ಲಿ ವಿಮಾನ ಹತ್ತದ ರೈತನ ಕಾಗದವೂ ಡಕೋಟಾದಲ್ಲಿ ಪ್ರಯಾಣ ಮಾಡಿತು. ರೇಡಾರ್ ಇಲ್ಲದ, ರೇಡಿಯೊ ಸಹಾಯವೂ ಅಷ್ಟಕ್ಕಷ್ಟೇ ಇದ್ದ ಕಾಲದಲ್ಲಿ, ಮಳೆಗಾಲದ ರಾತ್ರಿಗಳಲ್ಲಿ ಇದನ್ನು ನಡೆಸಿದವರ ಬಗ್ಗೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಲೇಖನವನ್ನೂ ನಾನು ಓದಿಲ್ಲ.

ಕಂಪನಿಗಳ ಸಂಖ್ಯೆ ಪ್ರಯಾಣಿಕರ ಸಂಖ್ಯೆಗೆ ಮೀರಿದುದರಿಂದ ನಷ್ಟ ತಪ್ಪಲಿಲ್ಲ. 1950ರಲ್ಲಿ ಈ ಬಗ್ಗೆ ವಿಚಾರಣೆಗೆ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ರಾಜಾಧ್ಯಕ್ಷ ಸಮಿತಿ ಇದನ್ನೇ ಹೇಳಿತು. 1953ರ ಆಗಸ್ಟ್ 1ರಂದು ಎಂಟು ಕಂಪನಿಗಳ ಒಳನಾಡಿನ ಸೇವೆಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ ಆಯಿತು. ಹೊಸ ಸಂಸ್ಥೆಗೆ ಬಂದ ವಿಮಾನಗಳಲ್ಲಿ ಬಹುಪಾಲು ಡಕೋಟಾಗಳೇ.

ಇನ್ನು ಬೆಂಗಳೂರಿನ ಮಾತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಇಂದಿನ ಎಚ್‌ಎಎಲ್) ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ, ವಿಮಾನಗಳನ್ನೂ ಎಂಜಿನ್‌ಗಳನ್ನೂ ಬಿಚ್ಚಿ ಜೋಡಿಸುವ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಇದೇ ಕಾರ್ಖಾನೆ ಸೇನೆಯ ಡಕೋಟಾಗಳನ್ನು ಪ್ರಯಾಣಿಕ ವಿಮಾನಗಳನ್ನಾಗಿ ಪರಿವರ್ತಿಸಿತು. ಗೋಡೆಯುದ್ದಕ್ಕೂ ಇದ್ದ ಸೈನಿಕರ ತಗಡಿನ ಆಸನಗಳನ್ನು ಕಿತ್ತು, ಶಬ್ದ ತಡೆಯುವ ಪದರ ಹೊದಿಸಿ, ಸಾಲು ಕುರ್ಚಿಗಳನ್ನು ಕೂರಿಸುವ ಕೆಲಸ ಅದು. ಇದೇ ಕೈಗಳು ಆ ವರ್ಷಗಳಲ್ಲಿ ಬಸ್ಸಿನ ಕವಚವನ್ನೂ ರೈಲ್ವೆ ಬೋಗಿಯನ್ನೂ ಕಟ್ಟಿದವು ಎಂಬುದನ್ನು ಇಂದಿನ ಯುವಕರಿಗೆ ಹೇಳಿದರೆ ನಂಬುವುದು ಕಷ್ಟ.

ನಾನು ಕೆಲಸ ಕಲಿಯಲು ಹ್ಯಾಂಗರ್ ಸೇರಿದ್ದು ಅರವತ್ತರ ದಶಕದಲ್ಲಿ. ಫೋಕರ್ ವಿಮಾನಗಳು ಬಂದಿದ್ದವು, ಆವ್ರೋ ಬರುವುದರಲ್ಲಿತ್ತು. ಆದರೂ ಕೈಗೆ ಮಸಿ ಹತ್ತುತ್ತಿದ್ದುದು ಡಕೋಟಾದಿಂದಲೇ. ಅದರ ಪ್ರತಿ ಎಂಜಿನ್ನಿನಲ್ಲಿ ಏಳೇಳರ ಎರಡು ಸುತ್ತಿನಲ್ಲಿ ಹದಿನಾಲ್ಕು ಸಿಲಿಂಡರುಗಳು, 1200 ಅಶ್ವಶಕ್ತಿ. ರಾತ್ರಿಯಿಡೀ ನಿಂತ ಎಂಜಿನ್ನಿನ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ತುಂಬಿಕೊಳ್ಳುತ್ತದೆ. ದ್ರವವನ್ನು ಅದುಮಲಾಗದು. ಆ ಸ್ಥಿತಿಯಲ್ಲಿ ಒಮ್ಮೆಲೇ ಚಾಲೂ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಸರಳು, ಅಂದರೆ ಕನೆಕ್ಟಿಂಗ್ ರಾಡ್, ಬಾಗಿಹೋಗುತ್ತದೆ. ಹೀಗಾಗಿ ಬೆಳಗಿನ ಮೊದಲ ಕೆಲಸ ಪ್ರೊಪೆಲ್ಲರಿನ ಅಲಗುಗಳನ್ನು ಕೈಯಿಂದಲೇ, ಎಣಿಸುತ್ತಾ, ತಿರುಗಿಸುವುದು. ಎಲ್ಲಿಯಾದರೂ ಕೈಗೆ ತಡೆ ಸಿಕ್ಕಿತೋ ಅಲ್ಲಿಗೆ ನಿಲ್ಲಿಸಿ, ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಹೊರಗೆ ಹರಿಸಬೇಕು. ಬಲವಂತದಿಂದ ತಳ್ಳಿದ ಹುಡುಗನಿಗೆ ಹಿರಿಯ ಫಿಟ್ಟರುಗಳಿಂದ ಸಿಗುತ್ತಿದ್ದ ಮಾತುಗಳನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಎಣ್ಣೆ ಸೋರುವುದು ಈ ಎಂಜಿನ್ನಿನ ಹುಟ್ಟುಗುಣ. ಸೋರುವುದು ನಿಂತರೆ ಟ್ಯಾಂಕಿನಲ್ಲಿ ಎಣ್ಣೆ ಇಲ್ಲವೆಂದು ತಿಳಿ ಎಂಬುದು ಅಲ್ಲಿ ಎಲ್ಲರೂ ಹೇಳುತ್ತಿದ್ದ ತಮಾಷೆ, ತಮಾಷೆಯಲ್ಲಿ ಸತ್ಯವೂ ಇತ್ತು.

ಪ್ರಯಾಣಿಕರಿಗೆ ಅದು ಸುಖದ ವಿಮಾನವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬಾಲದ ಕೆಳಗೆ ಪುಟ್ಟ ಚಕ್ರವಿದ್ದುದರಿಂದ ನೆಲದ ಮೇಲೆ ನಿಂತಾಗ ಮೂಗು ಮೇಲೆತ್ತಿಕೊಂಡೇ ಇರುತ್ತಿತ್ತು. ಹಿಂಬದಿಯ ಬಾಗಿಲಿನಿಂದ ಹತ್ತಿದವರು ಮುಂದಿನ ಆಸನಕ್ಕೆ ಏರು ಹತ್ತಿಕೊಂಡೇ ಹೋಗಬೇಕಿತ್ತು. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲದ ಕಾರಣ ಸಾಮಾನ್ಯವಾಗಿ ಹತ್ತು ಸಾವಿರ ಅಡಿಯೊಳಗೇ ಹಾರುವುದು. ಅಂದರೆ ಮುಂಗಾರಿನ ಮೋಡಗಳ ಮೇಲೆ ಹೋಗಲು ದಾರಿಯಿಲ್ಲ, ನಡುವೆಯೇ ನುಗ್ಗಬೇಕು. ಕಿವಿ ಕಟ್ಟಿಕೊಳ್ಳದಿರಲೆಂದು ಹತ್ತಿ ಮತ್ತು ಪೆಪ್ಪರ್‌ಮಿಂಟು ಹಂಚುತ್ತಿದ್ದರು. ಪೈಲಟ್‌ಗಳ ಮುಂದಿನ ಗಾಜಿನ ಅಂಚಿನಿಂದ ಮಳೆನೀರು ಒಳಗೆ ಸೋರಿ ಅವರ ತೊಡೆಯ ಮೇಲೆ ಬೀಳುತ್ತಿತ್ತು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಮಂಗಳೂರಿನ ಬಜ್ಪೆ ನಿಲ್ದಾಣದ ಉದ್ಘಾಟನೆಗೆ ಬಂದಿಳಿದದ್ದು ಡಕೋಟಾದಲ್ಲೇ. ಬಂದದ್ದು ಡಿಸೆಂಬರಿನಲ್ಲಿ ಎಂಬುದು ಅವರ ಪುಣ್ಯ. ಜುಲೈಯಲ್ಲಿ ಆ ಗುಡ್ಡದ ತುದಿಯ ಓಡುದಾರಿಯನ್ನು ಮಳೆಯ ನಡುವೆ ಹುಡುಕಿ ಇಳಿಸುವುದು ಏನೆಂಬುದು ಕರಾವಳಿಯ ಮುಂಗಾರು ಬಲ್ಲವರಿಗೆ ಗೊತ್ತು.

ಆದರೂ ಅದು ಅಷ್ಟು ಕಾಲ ಬಾಳಿದ್ದಕ್ಕೆ ಕಾರಣಗಳಿವೆ. ಡಾಂಬರು ಕಾಣದ ಮೈದಾನದಲ್ಲೂ ಇಳಿಯುತ್ತಿತ್ತು. ಒಂದು ಎಂಜಿನ್ ನಿಂತರೂ ಇನ್ನೊಂದರ ಮೇಲೆ ಊರು ಮುಟ್ಟಿಸುತ್ತಿತ್ತು. ರೆಕ್ಕೆಯ ಭಾರವನ್ನು ಒಂದೇ ತೊಲೆಯ ಮೇಲೆ ಹೇರದೆ ಹಲವು ಭಾಗಗಳಿಗೆ ಹಂಚಿದ್ದರಿಂದ ಒಂದು ಕಡೆ ಬಿರುಕು ಕಂಡರೆ ಅಲ್ಲಿಗೆ ತೇಪೆ ಹಾಕಿ ಮತ್ತೆ ಹಾರಿಸಬಹುದಾಗಿತ್ತು. 1935ರಲ್ಲಿ ಮೊದಲು ಹಾರಿದ ವಿನ್ಯಾಸವೊಂದು ನಮ್ಮ ವಾಯುಪಡೆಯಲ್ಲಿ ಎಂಬತ್ತರ ದಶಕದವರೆಗೂ ಸೇವೆ ಸಲ್ಲಿಸಿತೆಂದರೆ ಅದರಲ್ಲಿ ವಿನ್ಯಾಸಕಾರನ ಪಾಲು ಎಷ್ಟಿದೆಯೋ ತಗಡು ಕೆಲಸದವನ ಪಾಲೂ ಅಷ್ಟೇ ಇದೆ.

ಈಗ ನನ್ನ ಬೇಡಿಕೆ. ಪ್ರತಿ ವಿಮಾನಕ್ಕೂ, ಅದರ ಪ್ರತಿ ಎಂಜಿನ್ನಿಗೂ, ಪ್ರತಿ ಪ್ರೊಪೆಲ್ಲರಿಗೂ ಬೇರೆ ಬೇರೆ ಲಾಗ್ ಪುಸ್ತಕಗಳಿರುತ್ತವೆ. ಯಾವ ದಿನ, ಯಾವ ಹ್ಯಾಂಗರಿನಲ್ಲಿ, ಯಾವ ಭಾಗ ಬದಲಾಯಿತು, ಯಾರು ಸಹಿ ಹಾಕಿದರು ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ವಿಮಾನ ಗುಜರಿಗೆ ಹೋದ ಮೇಲೆ, ಕಾನೂನಿನ ಅವಧಿಯೂ ಮುಗಿದ ಮೇಲೆ, ಈ ಪುಸ್ತಕಗಳಿಗೆ ಬೆಲೆಯಿಲ್ಲ; ರದ್ದಿಗೆ ಹೋಗುವುದೇ ಹೆಚ್ಚು. ಮುಳುಗಿಹೋದ ಕಂಪನಿಗಳ ವೇಳಾಪಟ್ಟಿ, ಟಿಕೆಟ್ಟು, ಸಂಬಳದ ಚೀಟಿ, ಗುರುತಿನ ಬಿಲ್ಲೆಗಳ ಗತಿಯೂ ಅದೇ. ಆದರೆ ಬೆಂಗಳೂರಿನ ಹಲಸೂರು, ಇಂದಿರಾನಗರ, ವಿಮಾನಪುರದ ಸುತ್ತಮುತ್ತಲಿನ ಹಳೆಯ ಮನೆಗಳಲ್ಲಿ, ಮಂಗಳೂರು, ಬೆಳಗಾವಿ, ಕಲಬುರಗಿಯ ಮನೆಗಳಲ್ಲಿ ಇಂಥವು ಟ್ರಂಕಿನ ತಳದಲ್ಲಿ ಇನ್ನೂ ಉಳಿದಿರಬಹುದು. 2001ರಿಂದ ನಡೆಯುತ್ತಿರುವ ಎಚ್‌ಎಎಲ್ ಪರಂಪರೆ ಕೇಂದ್ರವಾಗಲಿ, ರಾಜ್ಯ ಪತ್ರಾಗಾರವಾಗಲಿ ಇವುಗಳನ್ನು ಸ್ವೀಕರಿಸಿ ಪ್ರತಿ ತೆಗೆದು ಇಡುವ ಏರ್ಪಾಡು ಮಾಡಬೇಕು. ಜೊತೆಗೆ, ಆ ಹ್ಯಾಂಗರುಗಳಲ್ಲಿ ದುಡಿದವರಲ್ಲಿ ಉಳಿದಿರುವವರನ್ನು ಹುಡುಕಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ನನ್ನ ಓರಗೆಯವರೆಲ್ಲ ಎಂಬತ್ತರ ಆಸುಪಾಸಿನಲ್ಲಿದ್ದಾರೆ, ಅವರಿಗೆ ಕೆಲಸ ಕಲಿಸಿದವರು ಈಗಿಲ್ಲ.

ಹಳೆಯ ಫೋಟೊ, ಕಾಗದಪತ್ರಗಳನ್ನು ಕಳಿಸುವಂತೆ ತಮ್ಮ ಪತ್ರಿಕೆಯೇ ಓದುಗರಿಗೆ ಒಂದು ಕರೆ ಕೊಡಬಾರದೇಕೆ? ಹಾಗೆ ಕೊಟ್ಟರೆ, ನನ್ನ ಬಳಿ ಇರುವ ಕೆಲಸದ ಟಿಪ್ಪಣಿ ಪುಸ್ತಕಗಳ ಪ್ರತಿಗಳನ್ನು ಮೊದಲು ತಲುಪಿಸುತ್ತೇನೆ.

ನಿವೃತ್ತ ವಿಮಾನ ನಿರ್ವಹಣಾ ತಂತ್ರಜ್ಞ,
ಬೆಂಗಳೂರು