ಮೇಷ್ಟ್ರಿಗಿಂತ ಮೇಸ್ತ್ರಿ ವಾಸಿ

ಜುಲೈ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಶಿರಾ ತಾಲ್ಲೂಕಿನ ನಮ್ಮೂರಿನಲ್ಲಿ ನನಗೆ ತಲೆ ಎತ್ತಿ ಓಡಾಡುವುದು ಕಷ್ಟವಾಗಿದೆ. ಹಾಲಿನ ಡೇರಿಯ ಹತ್ತಿರ, ಬಸ್ ನಿಲ್ದಾಣದಲ್ಲಿ, ಸಿಕ್ಕವರೆಲ್ಲ ಶಹಬ್ಬಾಸ್ ಹೇಳುತ್ತಾರೆ. ಸಂಜೆ ಓದಿಗೆ ಬಂದ 11 ಮಕ್ಕಳಲ್ಲಿ 9 ಮಂದಿ ಎಸ್ಸೆಸ್ಸೆಲ್ಸಿ ದಾಟಿದ್ದಾರೆ, ಅದು ನನ್ನಿಂದಲೇ ಆಯಿತಂತೆ. ಲೆಕ್ಕ ತಪ್ಪಾಗಿದೆ. 31 ವರ್ಷ ಗಣಿತ ಕಲಿಸಿದವನು ತಪ್ಪು ಲೆಕ್ಕವನ್ನು ಹಾಗೇ ಬಿಡಲಾರೆ.

2025ರ ಮೇ ತಿಂಗಳ ಆರಂಭದಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ಫೇಲಾದ ಈ ಮಕ್ಕಳು ಮನೆಯಿಂದ ಹೊರಗೇ ಕಾಣಿಸುತ್ತಿರಲಿಲ್ಲ. 2024ರಲ್ಲೂ 2025ರಲ್ಲೂ ವರ್ಷಕ್ಕೆ ಮೂರು ಪರೀಕ್ಷೆಗಳಿದ್ದವು, ಮೇ ಕೊನೆಗೊಂದು, ಜುಲೈಯಲ್ಲಿ ಇನ್ನೊಂದು ಬರೆಯಬಹುದಿತ್ತು ಎಂಬುದು ಎಷ್ಟೋ ತಂದೆ ತಾಯಂದಿರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಓದುವುದೆಲ್ಲಿ? ಒಂದು ಕೋಣೆಯ ಮನೆ, ಅದರಲ್ಲೇ ಟಿ.ವಿ., ಬೆಳಗಿನ ಜಾವ ಎದ್ದು ಸೇವಂತಿಗೆ ಬಿಡಿಸುವ ಕೂಲಿ.

ಜಾಗ ಕೊಟ್ಟವರು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ಸಂಜೆ ಬೀಗ ಹಾಕಿ ಮನೆಗೆ ಹೋಗಬೇಕಾದವರು ರಾತ್ರಿ ಒಂಬತ್ತರವರೆಗೆ ನಮ್ಮ ಜೊತೆಗೇ ಕುಳಿತರು. ಇದಕ್ಕಾಗಿ ಒಂದು ರೂಪಾಯಿಯೂ ಅವರ ಸಂಬಳಕ್ಕೆ ಸೇರುವುದಿಲ್ಲ.

ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಮೊದಲ ದಿನವೇ ಹಳೆಯ ಚಾಳಿಯಂತೆ ಎಲ್ಲರನ್ನೂ ನಿಲ್ಲಿಸಿ, ‘ಯಾವುದರಲ್ಲಿ ಹೋಯಿತು? ಎಷ್ಟು ಬಂತು?’ ಎಂದು ಕೇಳಿದೆ. ಮರುದಿನ ಬಂದವರು ನಾಲ್ಕೇ ಜನ. ಉಳಿದವರ ಮನೆಗೆ ಹೋಗಿ ಕರೆತಂದವರು ಮೇಲ್ವಿಚಾರಕಿ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ಮೇಷ್ಟ್ರೇ, ಅಂಕ ಒಂದನ್ನು ಮಾತ್ರ ಕೇಳಬೇಡಿ’ ಎಂದರು. ವಯಸ್ಸಿನಲ್ಲಿ ನನ್ನ ಮಗಳಂಥವರು. ಮತ್ತೆ ಅಂಕ ಕೇಳಲಿಲ್ಲ.

ಇನ್ನು ಮೇಸ್ತ್ರಿಯ ವಿಷಯ. ಗ್ರಂಥಾಲಯದ ಮೆಟ್ಟಿಲಿಗೆ ಗಾರೆ ಹಾಕಲು ಬಂದಿದ್ದರು. ಒಳಗೆ ನಾನು ಸ್ಪರ್ಶಕದ, ಎಂದರೆ ವೃತ್ತವನ್ನು ಒಂದೇ ಕಡೆ ಮುಟ್ಟುವ ಗೆರೆಯ, ಲೆಕ್ಕ ಹಿಡಿದು ಒದ್ದಾಡುತ್ತಿದ್ದೆ. ಸ್ಪರ್ಶಕದ ಉದ್ದ 24 ಸೆಂ.ಮೀ., ಅದು ಹೊರಟ ಹೊರಗಿನ ಬಿಂದುವಿಗೂ ವೃತ್ತದ ಕೇಂದ್ರಕ್ಕೂ 25 ಸೆಂ.ಮೀ. ದೂರ, ತ್ರಿಜ್ಯ ಎಷ್ಟು? ತ್ರಿಜ್ಯವೂ ಸ್ಪರ್ಶಕವೂ ಸೇರುವಲ್ಲಿ ಲಂಬಕೋನ ಏಕೆ ಬಂತು ಎಂದು ಯಾರಿಗೂ ಹೊಳೆಯುತ್ತಿಲ್ಲ. ಮೇಸ್ತ್ರಿ ಕೈ ತೊಳೆದುಕೊಂಡು ಒಳಗೆ ಬಂದರು. ಕೋಣೆಯ ಮೂಲೆಯಿಂದ ಒಂದು ಗೋಡೆಯ ಉದ್ದಕ್ಕೆ 3 ಅಡಿ, ಇನ್ನೊಂದರ ಉದ್ದಕ್ಕೆ 4 ಅಡಿ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎರಡು ಗುರುತುಗಳ ನಡುವೆ ದಾರ ಎಳೆದು, ‘ಇದು 5 ಅಡಿ ಬಂದರೆ ಮೂಲೆಮಟ್ಟ ಸರಿ, ಇಲ್ಲದಿದ್ದರೆ ಮನೆ ಸೊಟ್ಟ’ ಎಂದರು. ನಮ್ಮ ಗ್ರಂಥಾಲಯದ ಮೂಲೆಯಲ್ಲಿ ಎರಡು ಇಂಚು ಹೆಚ್ಚು ಬಂತು! (ಕಟ್ಟಿಸಿದವರು ಯಾರೆಂದು ಬರೆಯುವುದಿಲ್ಲ.) ಹುಡುಗರು ಬಿದ್ದು ಬಿದ್ದು ನಕ್ಕರು. ಟೈಲ್ಸ್ ಕೆಲಸಕ್ಕೆ ಹೋಗುತ್ತಿದ್ದ ಹುಡುಗನೊಬ್ಬ, ಅದುವರೆಗೆ ಬಾಯಿಯನ್ನೇ ಬಿಡದಿದ್ದವನು, ಎದ್ದು ಬಂದು ಬೋರ್ಡಿನ ಮೇಲೆ 25ರ ವರ್ಗ 625ರಲ್ಲಿ 24ರ ವರ್ಗ 576 ಕಳೆದು 49 ಎಂದು ಬರೆದ. ‘ತ್ರಿಜ್ಯ 7, ಮೇಷ್ಟ್ರೇ.’ ಸ್ವಲ್ಪ ತಡೆದು, ‘625 ಅಂದರೆ ನಮ್ಮ ಪರೀಕ್ಷೆಯ ಒಟ್ಟು ಅಂಕವೂ ಅಷ್ಟೇ ಅಲ್ಲವೇ?’ ಎಂದ. ನನಗೆ 31 ವರ್ಷದಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಂದಿನಿಂದ ಮಕ್ಕಳ ಬಾಯಲ್ಲಿ ‘ಮೇಷ್ಟ್ರಿಗಿಂತ ಮೇಸ್ತ್ರಿ ವಾಸಿ’ ಎಂಬ ಗಾದೆ ಹುಟ್ಟಿಕೊಂಡಿತು. ಮೆಟ್ಟಿಲು ಮುಗಿದ ಮೇಲೂ ಮೇಸ್ತ್ರಿ ವಾರಕ್ಕೆರಡು ಸಂಜೆ ಬಂದರು.

ಅಂಗನವಾಡಿ ಕಾರ್ಯಕರ್ತೆಯ ಋಣ ಬೇರೆಯದೇ. ಒಂದು ಮನೆಯಲ್ಲಿ, ಹೇಗೂ ಫೇಲಾದಳು, ಮದುವೆ ಮಾಡಿಬಿಡೋಣ ಎಂಬ ಮಾತೆದ್ದಿತ್ತು. ಹುಡುಗಿಗೆ ಇನ್ನೂ 16. ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋಣವೆಂದು ನಾನು ಹಾರಾಡಿದೆ. ‘ಅದು ಇದ್ದೇ ಇದೆ, ಮೊದಲು ಅಜ್ಜಿಯ ಹತ್ತಿರ ಹೋಗುತ್ತೇನೆ’ ಎಂದು ಅವರು ಮೂರು ಸಂಜೆ ಆ ಅಜ್ಜಿಯ ಪಕ್ಕದಲ್ಲಿ ಹೂವು ಕಟ್ಟುತ್ತ ಕುಳಿತರು. ನಾಲ್ಕನೆಯ ಸಂಜೆ ಅಜ್ಜಿಯೇ ಮೊಮ್ಮಗಳನ್ನು ಗ್ರಂಥಾಲಯದ ಬಾಗಿಲವರೆಗೆ ತಂದುಬಿಟ್ಟರು. ಮನೆಯವರನ್ನು ಕೇಳಿಯೇ ಇಷ್ಟು ಬರೆದಿದ್ದೇನೆ, ಇದಕ್ಕಿಂತ ಹೆಚ್ಚು ಬೇಡ.

ಇಂಗ್ಲಿಷ್ ಹೇಳಿಕೊಟ್ಟ ಇಬ್ಬರು ಕಾಲೇಜು ಹುಡುಗಿಯರು, ದಿನವೂ ಕಡಲೆಪುರಿ ಕಳಿಸಿದ ಹೋಟೆಲಿನ ಅಮ್ಮ, ಹೆಣ್ಣುಮಕ್ಕಳನ್ನು ಹಟ್ಟಿಯವರೆಗೆ ಬಿಟ್ಟು ಬಾಡಿಗೆ ಕೇಳದ ಆಟೋದವರು, ಪರೀಕ್ಷೆಯ ವಾರ ಕೂಲಿ ಹಿಡಿಯದೆ ರಜೆ ಕೊಟ್ಟ ಹೂವಿನ ತೋಟದ ಯಜಮಾನರು, ಎಲ್ಲರಿಗೂ ಕೈಮುಗಿಯುತ್ತೇನೆ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಊರಿನವರಿಗೆ ಹೆಸರು ಬೇಕಿಲ್ಲ ಬಿಡಿ.

ಉಳಿದ ಇಬ್ಬರಲ್ಲಿ ಒಬ್ಬನಿಗೆ ವಿಜ್ಞಾನ, ಇನ್ನೊಬ್ಬಳಿಗೆ ನನ್ನದೇ ಗಣಿತ ಬಾಕಿ ಇದೆ. ನಿನ್ನೆ ಸಂಜೆ ನಾನು ಹೋಗುವ ಹೊತ್ತಿಗೆ ಇಬ್ಬರೂ ಹೊಸ ಮೆಟ್ಟಿಲ ಮೇಲೆ ಕುಳಿತಿದ್ದರು. ಮೇಲ್ವಿಚಾರಕಿ ಆಗಲೇ ದೀಪ ಹಾಕಿದ್ದರು. ನಾನು ಪುಸ್ತಕ ತೆಗೆಯುವ ಮೊದಲೇ ಹುಡುಗಿ ಕೇಳಿದಳು, ‘ಮೇಷ್ಟ್ರೇ, ಮೇಸ್ತ್ರಿ ಯಾವತ್ತು ಬರುತ್ತಾರೆ?’