ಖಾನೆ ತಟ್ಟೆ ತಂದ ಅಮ್ಮನಿಗೆ, ಜೊತೆಗಿದ್ದ ಎಲ್ಲರಿಗೂ

ಕಳೆದ ಗುರುವಾರ ಡಾಕ್ಟರ್ "ಇನ್ನು ಪ್ರತಿ ತಿಂಗಳು ಬರೋದು ಬೇಡ, ಆರು ತಿಂಗಳಿಗೊಮ್ಮೆ ಬಂದರೆ ಸಾಕು" ಅಂದರು. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂತ ಕೇಳಿದಳು. ಹನ್ನೊಂದು ವರ್ಷ ಆ ಮಾತು ಕೇಳಿದರೆ ಎದೆ ಡವಡವ ಅನ್ನುತ್ತಿತ್ತು. ಅವತ್ತು "ಆಯ್ತಮ್ಮಾ" ಅಂದೆ. ನಿಜವಾಗಿ ಆಗಿತ್ತು.

ನನಗೆ ಅನೊರೆಕ್ಸಿಯಾ, ಅಂದರೆ ಊಟ ತೀರಾ ಕಡಿಮೆ ಮಾಡಿ ದೇಹ ಸೊರಗುವ ಕಾಯಿಲೆ, ಇತ್ತು ಅಂತ ಹತ್ತಿರದವರಿಗೆಲ್ಲ ಗೊತ್ತು. ಆಟಿಸಂ, ಅಂದರೆ ಸದ್ದು, ವಾಸನೆ, ಜನರ ಒಡನಾಟ ಇವನ್ನೆಲ್ಲ ಮೆದುಳು ಹುಟ್ಟಿನಿಂದಲೇ ಬೇರೆ ಥರ ಗ್ರಹಿಸುವ ಸ್ಥಿತಿ, ಕೂಡ ಇದೆ ಅಂತ ನನಗೇ ಗೊತ್ತಾಗಿದ್ದು 29ನೇ ವಯಸ್ಸಿನಲ್ಲಿ.

ಎಲ್ಲರೂ ಕೇಳುತ್ತಿದ್ದುದು ಒಂದೇ: "ದಪ್ಪ ಆಗ್ತೀನಿ ಅಂತ ಭಯಾನಾ?" ಹೂಂ ಅನ್ನುತ್ತಿದ್ದೆ, ಅವರಿಗೆ ಬೇಕಿದ್ದ ಉತ್ತರ ಅದೇ ಅಲ್ವಾ. ನನ್ನ ಕಷ್ಟ ಬೇರೆ ಇತ್ತು. ಹಾಸ್ಟೆಲ್ ಮೆಸ್ಸಿನಲ್ಲಿ ಇನ್ನೂರು ಸ್ಟೀಲ್ ತಟ್ಟೆಗಳ ಸದ್ದು, ಒಗ್ಗರಣೆ ಘಾಟು, ಅನ್ನದೊಳಕ್ಕೆ ಹರಿದು ಬರುವ ಸಾಂಬಾರು. ಒಂದು ಹೊತ್ತು ಬಿಟ್ಟೆ, ತಲೆ ತಣ್ಣಗಾಯಿತು. ಆಮೇಲೆ ಬಿಡುವುದೇ ನಿಯಮ ಆಯಿತು. ಕಡಿಮೆ ತಿಂದಷ್ಟೂ ಸುತ್ತಲಿನ ಗದ್ದಲವೂ ದೂರ, ಅಳುವೂ ದೂರ. ಹಸಿವು ನನಗೆ ಹೊಟ್ಟೆಯಲ್ಲಿ ಗೊತ್ತಾಗುವುದಿಲ್ಲ, ಕೈ ನಡುಗಿದಾಗ ಗೊತ್ತಾಗುತ್ತೆ. ಸಂಕಷ್ಟಿ ಉಪವಾಸ ಮಾಡಿದಾಗ ನೆಂಟರು ಹೊಗಳಿದ್ದರು.

ಮೊದಲು ಸೇರಿಸಿದ್ದ ಆಸ್ಪತ್ರೆಯಲ್ಲಿ ಟಿವಿ ಹಾಕಿದ ದೊಡ್ಡ ಹಾಲ್‌ನಲ್ಲಿ ಎಲ್ಲರ ಜೊತೆ ಕೂತು ಊಟ ಮುಗಿಸಬೇಕಿತ್ತು. ಆಗುತ್ತಿರಲಿಲ್ಲ. ಫೈಲಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದರು. ಆ ಒಂದು ಪದ ಇವತ್ತಿಗೂ ನೋಯುತ್ತೆ.

ಆಮೇಲೆ ಸಿಕ್ಕ ಕೌನ್ಸೆಲರ್ ಮೇಡಂ, ನಿಮಗೆ ನನ್ನ ಮೊದಲ ನಮಸ್ಕಾರ. "ಅನ್ನಕ್ಕೆ ಸಾರು ತಾಗಿದರೆ ನಿಮಗೇನಾಗುತ್ತೆ?" ಅಂತ ಕೇಳಿದಿರಿ. ಒಂದು ಗಂಟೆ ಮಾತಾಡಿದೆ. ಸ್ವೀಡನ್ನಿನ ಮನೋವೈದ್ಯ ಕ್ರಿಸ್ಟೋಫರ್ ಗಿಲ್ಬರ್ಗ್ ಆಟಿಸಂ, ಅನೊರೆಕ್ಸಿಯಾ ಎರಡಕ್ಕೂ ನಂಟಿರಬಹುದಾ ಅಂತ 1983ರಲ್ಲೇ ಕೇಳಿದ್ದರು ಎಂದು ಹೇಳಿದ್ದು ನೀವೇ. ಅನೊರೆಕ್ಸಿಯಾಗೆ ಚಿಕಿತ್ಸೆ ಪಡೆಯುವ ಹೆಂಗಸರಲ್ಲಿ ಸುಮಾರು ಶೇಕಡಾ 20ರಿಂದ 30ರಷ್ಟು ಜನರಲ್ಲಿ ಆಟಿಸಂ ಲಕ್ಷಣಗಳು ಜಾಸ್ತಿ ಕಾಣುತ್ತವಂತೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞೆ ಕೇಟ್ ಚಾಂಟೂರಿಯಾ ಅವರ ತಂಡ ಇಂಥವರಿಗೆಂದೇ 'ಪೀಸ್' ಅನ್ನುವ ಚಿಕಿತ್ಸಾ ಕ್ರಮ ಕಟ್ಟಿದೆ. ಕೇಳಿ ನಾನು ಒಬ್ಬಳೇ ಅಲ್ಲ ಅನಿಸಿತು.

ಆದರೆ ಉಪವಾಸ ಬಿದ್ದ ಮೆದುಳೂ ಹಠ ಹಿಡಿಯುತ್ತೆ, ಜನರಿಂದ ದೂರ ಸರಿಯುತ್ತೆ, ಆಟಿಸಂ ಥರವೇ ಕಾಣುತ್ತೆ. ಹಾಗಾಗಿ ಯಾವುದು ಮೊದಲಿಂದ ಇದ್ದದ್ದು, ಯಾವುದು ಆಮೇಲೆ ಬಂದದ್ದು ಅಂತ ತಿಳಿಯಲು ಅಮ್ಮನನ್ನೂ ಕರೆಸಿದಿರಿ. ಅಮ್ಮ ಎಲ್ಲ ನೆನಪು ಮಾಡಿಕೊಂಡಳು. ನಾಲ್ಕನೇ ವಯಸ್ಸಿನಲ್ಲಿ ಬಿಳಿ ಊಟ ಮಾತ್ರ ತಿನ್ನುತ್ತಿದ್ದೆ: ಇಡ್ಲಿ, ಅನ್ನ, ಮೊಸರು. ಮಿಕ್ಸಿ ಹಾಕಿದರೆ ದೇವರ ಕೋಣೆಗೆ ಓಡುತ್ತಿದ್ದೆ. "ನಾನು ಇದನ್ನ ಹಠ ಅಂದ್ಕೊಂಡಿದ್ದೆ" ಅಂದಳು. ಮಾರನೇ ದಿನ ಪಾತ್ರೆ ಅಂಗಡಿಗೆ ಹೋಗಿ ಮೂರು ಖಾನೆ ಇರುವ ಸ್ಟೀಲ್ ತಟ್ಟೆ ತಂದಳು. ಅಂಚು ಎತ್ತರ ಇದೆಯಾ ಅಂತ ಅಂಗಡಿಯಲ್ಲೇ ಬೆರಳಿಟ್ಟು ನೋಡಿದಳಂತೆ.

ಡಯಟಿಷಿಯನ್ ಅವರಿಗೆ ಥ್ಯಾಂಕ್ಸ್. "ಎಲ್ಲಾ ತಿನ್ನಬೇಕು" ಅಂತ ಒಂದು ದಿನವೂ ಅನ್ನಲಿಲ್ಲ. ನನಗೆ ಒಗ್ಗುವ ಏಳು ತಿಂಡಿಗಳನ್ನೇ ಇಟ್ಟುಕೊಂಡು ಅಳತೆ ಮಾತ್ರ ಮೆಲ್ಲಗೆ ಏರಿಸಿದರು. ಹಸಿವಿನ ಬದಲು ಅಲಾರಂ ಇಟ್ಟುಕೊಟ್ಟರು.

ಆಫೀಸಿನ ಗೆಳತಿಗೆ: ಜನ ತುಂಬುವ ಮೊದಲೇ, ಹನ್ನೆರಡಕ್ಕೆ, ನನ್ನ ಜೊತೆ ಕ್ಯಾಂಟೀನಿಗೆ ಬರುತ್ತೀಯ. ನನ್ನ ತಟ್ಟೆ ನೋಡುವುದಿಲ್ಲ. ಚಿಕ್ಕಮ್ಮನಿಗೆ: ಮಗಳ ಮದುವೆಯಲ್ಲಿ ಪಂಕ್ತಿ ಶುರುವಾಗುವ ಮುಂಚೆ ಒಳಗಿನ ಕೋಣೆಯಲ್ಲಿ ಒಗ್ಗರಣೆ ಇಲ್ಲದ ಮೊಸರನ್ನ ಬಡಿಸಿ, ಬಾಗಿಲು ಎಳೆದುಕೊಂಡು ಹೋದಿರಿ.

ತಟ್ಟೆಯ ಮೂರನೇ ಖಾನೆ ತುಂಬಾ ದಿನ ಖಾಲಿಯೇ ಇತ್ತು. ಅಮ್ಮ ಏನೂ ಅನ್ನಲಿಲ್ಲ. ಹೋದ ಭಾನುವಾರ ನಾನೇ ಕೇಳಿ ಸ್ವಲ್ಪ ಬೀನ್ಸ್ ಪಲ್ಯ ಹಾಕಿಸಿಕೊಂಡೆ.